ಗಾಳದ ಎಸೆತ

ಕನ್ನಡದಲ್ಲಿ ಬಲೆಯನ್ನು ಬೀಸುತ್ತೇವೆ, ಗಾಳವನ್ನು ಹಾಕುತ್ತೇವೆ. ಬೀಸುವುದರಲ್ಲಿ ತೋಳಿನ ಬಲವಿದೆ, ಸೊಂಟದ ತಿರುವಿದೆ, ದೂರದ ಅಂದಾಜಿದೆ. ಹಾಕುವುದರಲ್ಲಿ ಇರುವುದು ಕಾಯುವ ತಾಳ್ಮೆ ಮಾತ್ರ. ಈ ಎರಡು ಕ್ರಿಯಾಪದಗಳಲ್ಲಿ ಭಾಷೆ ಒಂದು ಚಾರಿತ್ರಿಕ ಸಂಗತಿಯನ್ನು ಕಾಪಾಡಿಕೊಂಡು ಬಂದಿದೆಯೆಂದು ನನಗೆ ತೋರುತ್ತದೆ. ಗಾಳದ ಕೋಲು ಬಹುಕಾಲ ಎಸೆಯುವ ಸಾಧನವಾಗಿರಲಿಲ್ಲ, ಇಳಿಬಿಡುವ ಸಾಧನವಾಗಿತ್ತು. ಕಡಲ ದಡದಲ್ಲಿ ನಿಂತು ತೆರೆಗಳಾಚೆಗೆ ಗಾಳವನ್ನು ಎಸೆಯುವ ವಿದ್ಯೆ ಬೆಳೆದದ್ದು ಕಳೆದ ಇನ್ನೂರು ವರ್ಷಗಳಲ್ಲಿ. ಅದರ ಕಥೆಯಲ್ಲಿ ಮೀನುಗಾರನ ಜೊತೆಗೆ ಗಡಿಯಾರದ ಕುಶಲಿಯೂ ಗಿರಣಿಯ ಒಡೆಯನೂ ರಸಾಯನ ವಿಜ್ಞಾನಿಯೂ ಬರುತ್ತಾರೆ.

ಪ್ರಾಚೀನ ರೋಮನ್ ಲೇಖಕ ಈಲಿಯನ್ ಮ್ಯಾಸಿಡೋನಿಯದ ಹೊಳೆಯೊಂದರ ಮೀನುಗಾರರನ್ನು ವರ್ಣಿಸುತ್ತಾನೆ. ಅವರ ಕೋಲಿನ ಉದ್ದ ೬ ಅಡಿ, ದಾರದ ಉದ್ದವೂ ಅಷ್ಟೆ. ಅಂದರೆ ಮನುಷ್ಯನ ಕೈಗೆ ಎಟುಕುವ ನೀರಿನಿಂದಾಚೆಗೆ ಹೆಚ್ಚೆಂದರೆ ಎರಡಾಳುದ್ದದ ವಿಸ್ತಾರ. ೧೪೯೬ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಗಾಳದ ಕೈಪಿಡಿಯಲ್ಲಿಯೂ ಕುದುರೆಯ ಬಾಲದ ಕೂದಲನ್ನು ಹೊಸೆದ ದಾರವನ್ನು ಕೋಲಿನ ತುದಿಗೇ ಬಿಗಿದು ಕಟ್ಟುವ ಕ್ರಮವಿದೆ. ದಾರವನ್ನು ಸುತ್ತಿಡುವ ಉರುಳೆಯನ್ನು ಚೀನದವರು ಇದಕ್ಕೂ ಮೊದಲೇ ಬಲ್ಲರು. ೧೧೯೫ರ ಸುಮಾರಿನ ಮಾ ಯುವಾನನ ಚಿತ್ರವೊಂದರಲ್ಲಿ ದೋಣಿಯ ಮೇಲೆ ಕುಳಿತ ಗಾಳಗಾರನ ಕೋಲಿಗೆ ಉರುಳೆಯಿರುವುದನ್ನು ಕಾಣಬಹುದು. ಇಂಗ್ಲೆಂಡಿನಲ್ಲಿ ಅದರ ಪ್ರಸ್ತಾಪ ಬರುವುದು ೧೬೫೧ರಲ್ಲಿ, ಥಾಮಸ್ ಬಾರ್ಕರನ ಗ್ರಂಥದಲ್ಲಿ. ಆದರೆ ಆ ಉರುಳೆ ಸಿಕ್ಕ ಮೀನನ್ನು ಆಡಿಸಿ ದಣಿಸಲು ಬಂದದ್ದು, ಗಾಳವನ್ನು ದೂರಕ್ಕೆ ಕಳುಹಿಸಲು ಅಲ್ಲ.

ಕಡಲಿನ ಮುಂದೆ ಈ ಅಸಹಾಯಕತೆ ಇನ್ನೂ ಸ್ಪಷ್ಟವಾಗಿತ್ತು. ಕೈದಾರವನ್ನು ಗಿರ್ರನೆ ಸುತ್ತಿ ಎಸೆಯುವ ರೂಢಿ ಅನೇಕ ಕಡಲ ತೀರಗಳಲ್ಲಿದ್ದರೂ ಅದರ ಎಟುಕು ತೋಳಿನ ಎಟುಕೇ. ಅಮೆರಿಕದ ಮ್ಯಾಸಚೂಸೆಟ್ಸ್ ತೀರದ ಕಟ್ಟಿಹಂಕ್ ದ್ವೀಪದಲ್ಲಿ ೧೮೬೦ರ ದಶಕದಲ್ಲಿ ಶ್ರೀಮಂತರ ಗಾಳದ ಸಂಘವೊಂದು ಹುಟ್ಟಿತು. ದೂರಕ್ಕೆ ಎಸೆಯಲಾರದ ಆ ಶ್ರೀಮಂತರು ಬಂಡೆಗಳಿಂದ ಸಮುದ್ರದೊಳಕ್ಕೆ ಅಟ್ಟಣೆಗಳನ್ನು ಕಟ್ಟಿಸಿ, ಅವುಗಳ ತುದಿಯಲ್ಲಿ ನಿಂತು ಗಾಳ ಬಿಡುತ್ತಿದ್ದರು. ಎರೆಯನ್ನು ಚೆಲ್ಲಿ ಮೀನನ್ನು ಕರೆಯಲು ಆಳುಗಳಿದ್ದರು. ಗಾಳವನ್ನು ಮೀನಿನ ಬಳಿಗೆ ಒಯ್ಯಲಾಗದಿದ್ದಾಗ ಮನುಷ್ಯ ದಡವನ್ನೇ ಮೀನಿನ ಬಳಿಗೆ ಒಯ್ದ!

ಎಸೆತಕ್ಕೆ ಮೊದಲ ತೊಡಕು ಉರುಳೆಯೇ. ಗುಂಡು ಹಾರಿದಾಗ ದಾರ ಬಿಚ್ಚಿಕೊಳ್ಳಬೇಕಾದರೆ ಉರುಳೆ ತಿರುಗಬೇಕು. ನಿಂತ ಉರುಳೆ ತಿರುಗತೊಡಗಲು ಬಲ ಬೇಕು. ತಿರುಗತೊಡಗಿದ್ದು ಗುಂಡಿನ ವೇಗ ಕುಂದಿದರೂ ನಿಲ್ಲದು. ಆಗ ದಾರ ಉಕ್ಕಿ ಬಂದು ಸಿಕ್ಕಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕೆಂಟಕಿಯಲ್ಲಿ ಜಾರ್ಜ್ ಸ್ನೈಡರ್ ಎಂಬ ಗಡಿಯಾರದ ಕುಶಲಿ ಹಲ್ಲುಚಕ್ರಗಳನ್ನಿಟ್ಟು ಹಗುರಾಗಿ ತಿರುಗುವ ಉರುಳೆಯನ್ನು ಮಾಡಿದ. ಎಸೆತ ಸುಗಮವಾಯಿತು, ಸಿಕ್ಕು ಉಳಿಯಿತು. ಅದನ್ನು ತಡೆಯುವ ಹೊಣೆ ಹೆಬ್ಬೆರಳಿನದಾಯಿತು. ೧೮೮೪ರಲ್ಲಿ ಸ್ಕಾಟ್ಲೆಂಡಿನ ಪರ್ತ್ ಊರಿನ ಮ್ಯಾಲಕ್ ಬೇರೊಂದು ಉಪಾಯ ಹೂಡಿದ. ಎಸೆಯುವಾಗ ಉರುಳೆಯನ್ನೇ ಪಕ್ಕಕ್ಕೆ ಹೊರಳಿಸಿದರೆ ದಾರ ಅದರ ಅಂಚಿನಿಂದ ಜಾರಿ ಹೋಗುತ್ತದೆ. ಉರುಳೆ ತಿರುಗಬೇಕಾದುದೇ ಇಲ್ಲ. ಆದರೆ ಪ್ರತಿ ಎಸೆತಕ್ಕೂ ದಾರಕ್ಕೆ ಹುರಿ ಏರುತ್ತಿತ್ತು.

ಪರಿಹಾರ ದೊರೆತದ್ದು ಬಟ್ಟೆಯ ಗಿರಣಿಯಲ್ಲಿ. ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್ ಉಣ್ಣೆಯ ಊರು. ಅಲ್ಲಿನ ಗಿರಣಿಯ ಒಡೆಯ ಆಲ್ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್, ನಿಂತ ಕದಿರಿನ ತುದಿಯಿಂದ ನೂಲು ಸರಸರನೆ ಬಿಚ್ಚಿಕೊಳ್ಳುವುದನ್ನು ದಿನವೂ ಕಂಡವನು. ೧೯೦೫ರಲ್ಲಿ ಆತ ಪೇಟೆಂಟು ಪಡೆದ ರೀಲಿನಲ್ಲಿ ಉರುಳೆ ಸ್ಥಿರ. ದಾರವನ್ನು ಅದರ ಸುತ್ತ ಸುತ್ತುವ ಕೊಂಡಿ ಮಾತ್ರ ಚಲಿಸುವುದು. ಹೆಬ್ಬೆರಳಿನಲ್ಲಿ ವರ್ಷಗಟ್ಟಲೆ ಪಳಗಿಸಬೇಕಾಗಿದ್ದ ಸೂಕ್ಷ್ಮವನ್ನು ಒಂದು ಯಂತ್ರ ವಹಿಸಿಕೊಂಡಿತು. ಇಂದು ಹುಡುಗನೊಬ್ಬ ಮೊದಲ ದಿನವೇ ಗಾಳವನ್ನು ಸಿಕ್ಕಿಲ್ಲದೆ ಎಸೆಯಬಲ್ಲನಾದರೆ ಅದು ಆ ನೂಲಿನವನ ಉಪಕಾರ.

ಎರಡನೆಯ ತೊಡಕು ದಾರ. ಹಾರುವ ಗುಂಡು ತನ್ನ ಹಿಂದೆ ನೂರಾರು ಅಡಿ ದಾರವನ್ನು ಗಾಳಿಯಲ್ಲಿ ಎಳೆದೊಯ್ಯಬೇಕು. ದಾರ ದಪ್ಪವಾದಷ್ಟೂ ಗಾಳಿಯ ತಡೆ ಹೆಚ್ಚು. ನಾರಗಸೆಯ ದಾರ ದಪ್ಪ. ನೀರು ಕುಡಿದರೆ ಭಾರ. ತೊಳೆದು ಒಣಗಿಸದಿದ್ದರೆ ಕೊಳೆಯುವುದು ಬೇರೆ. ೧೯೩೫ರಲ್ಲಿ ಡುಪಾಂಟ್ ಸಂಸ್ಥೆಯ ಪ್ರಯೋಗಾಲಯದಲ್ಲಿ ವಾಲೇಸ್ ಕ್ಯಾರೊದರ್ಸ್ ನೈಲಾನನ್ನು ಸಂಯೋಜಿಸಿದ. ೧೯೩೮ರಲ್ಲಿ ಅದು ಲೋಕಕ್ಕೆ ಪ್ರಕಟವಾಗುವ ಮೊದಲೇ, ೧೯೩೭ರಲ್ಲಿ, ಆತ ತೀರಿಕೊಂಡಿದ್ದ. ಎರಡನೆಯ ಮಹಾಯುದ್ಧದ ತರುವಾಯ ನೈಲಾನಿನ ಒಂಟಿ ಎಳೆ ಗಾಳದ ದಾರವಾಗಿ ಹರಡಿತು. ಬಿದಿರು ಸೀಳಿನ ಕೋಲಿನ ಸ್ಥಾನಕ್ಕೆ ಗಾಜಿನ ನಾರಿನ ಕೋಲು, ೧೯೭೦ರ ದಶಕದಲ್ಲಿ ಇಂಗಾಲದ ನಾರಿನ ಕೋಲು ಬಂದವು.

ಇಷ್ಟಾದ ಮೇಲೆ ಉಳಿದ ತೊಡಕು ಎಸೆಯುವವನ ಮೈಯೊಂದೇ. ಗಾಳಿಯಿಲ್ಲದ ಲೋಕದಲ್ಲಿ ಗುಂಡಿನ ವೇಗ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟಾದೀತು. ನಮ್ಮ ಲೋಕದಲ್ಲಿ ಗಾಳಿ ಅದರಲ್ಲಿ ಬಹುಭಾಗವನ್ನು ನುಂಗುತ್ತದೆ. ಆದರೂ ಗುಟ್ಟು ವೇಗದಲ್ಲಿದೆ; ಆ ವೇಗ ಕೇವಲ ತೋಳಿನಿಂದ ಬಾರದು. ಇಂಗ್ಲೆಂಡಿನ ಕೆಂಟ್ ತೀರದ ಡಂಜನೆಸ್ಸಿನಲ್ಲಿ ೧೯೬೦ರ ದಶಕದಲ್ಲಿ ಲೆಸ್ಲಿ ಮಾಂಕ್ರಿಫ್, ಮೈಯನ್ನು ಹಿಂದಕ್ಕೆ ಬಾಗಿಸಿ ದೇಹದ ತೂಕವನ್ನೆಲ್ಲ ಎಸೆತಕ್ಕೆ ತೊಡಗಿಸುವ ಶೈಲಿಯನ್ನು ಪ್ರಚಾರಕ್ಕೆ ತಂದ. ಅನಂತರ ಹರಡಿದ ಲೋಲಕದ ಶೈಲಿಯಲ್ಲಿ ಎಸೆಯುವವನು ಕಡಲಿಗೆ ಬಹುಮಟ್ಟಿಗೆ ಬೆನ್ನು ಮಾಡಿ ನಿಲ್ಲುತ್ತಾನೆ. ಗುಂಡನ್ನು ಲೋಲಕದಂತೆ ತೂಗಿ, ಅದು ಮೇಲೇರಿದ ಕ್ಷಣದಲ್ಲಿ ಪಾದ, ಸೊಂಟ, ಭುಜ ಈ ಕ್ರಮದಲ್ಲಿ ಮೈಯನ್ನು ತಿರುಗಿಸುತ್ತಾನೆ. ಕೈಗಳು ಕೆಲಸ ಮಾಡುವುದು ಕಟ್ಟಕಡೆಗೆ. ಕೈ ಮುಂಚೆಯೇ ಅವಸರಪಟ್ಟರೆ ಎಸೆತ ಕೆಟ್ಟಿತು. ಸ್ಪರ್ಧೆಯ ಬಯಲುಗಳಲ್ಲಿ ಹೀಗೆ ೧೫೦ ಗ್ರಾಮಿನ ಗುಂಡು ೨೫೦ ಮೀಟರುಗಳಾಚೆಗೆ ಹೋದದ್ದುಂಟು. ಇದರಲ್ಲಿ ಅಪಾಯವೂ ಉಂಟು. ದಾರ ಹರಿದರೆ ಆ ಗುಂಡು ಪ್ರಾಣಾಂತಕ. ಆದ್ದರಿಂದ ತೆಳು ದಾರದ ತುದಿಗೆ ದಪ್ಪ ದಾರದ ತುಂಡೊಂದನ್ನು ಕಟ್ಟುತ್ತಾರೆ. ಪ್ರತಿ ಔನ್ಸು ಸೀಸಕ್ಕೆ ೧೦ ಪೌಂಡು ತಾಳುವ ಶಕ್ತಿಯಿರಬೇಕೆಂಬುದು ಅವರ ಲೆಕ್ಕ.

ಇಷ್ಟು ದೂರ ಯಾತಕ್ಕೆ? ತೆರೆ ಒಡೆಯುವ ಮರಳುದಿಬ್ಬದ ಈಚೆಗೆ, ದಡಕ್ಕೆ ಹತ್ತಿರವಾಗಿಯೇ ಒಂದು ತಗ್ಗು ಇರುತ್ತದೆ. ತೆರೆ ಕೆದಕಿದ ಹುಳುಹುಪ್ಪಟೆಗಳನ್ನು ತಿನ್ನಲು ಮೀನು ಅಲ್ಲಿಗೆ ಬರುತ್ತದೆ. ಅದನ್ನು ಅರಿಯದವನು ಮೀನಿನ ತಲೆಯ ಮೇಲೆ ಗಾಳವನ್ನು ಹಾರಿಸಿ ಬರಿಗೈಯಲ್ಲಿ ಮರಳುತ್ತಾನೆ. ದೂರ ಎಸೆಯಬಲ್ಲವನಿಗೆ ಹತ್ತಿರ ಎಸೆಯುವ ವಿವೇಕವೂ ಬೇಕೆಂದು ಈ ವಿದ್ಯೆಯ ಬಲ್ಲವರೇ ಹೇಳುತ್ತಾರೆ.

ನಮ್ಮ ಕರಾವಳಿಗೂ ಗಾಳದ ಗ್ರಂಥಚರಿತ್ರೆಗೂ ಒಂದು ನಂಟಿದೆ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸರ ‘ದಿ ರಾಡ್ ಇನ್ ಇಂಡಿಯಾ’ ೧೮೭೩ರಲ್ಲಿ ಮುದ್ರಣಗೊಂಡದ್ದು ಮಂಗಳೂರಿನಲ್ಲಿ. ಅದರ ಆಸಕ್ತಿ ಮುಖ್ಯವಾಗಿ ಹೊಳೆಯ ಮೀನಿನಲ್ಲಿ. ಕಡಲ ದಡದಲ್ಲಿ ನಮ್ಮವರು ನೆಚ್ಚಿದ್ದು ಬಲೆಯನ್ನು. ಬೀಸುಬಲೆಯವನೂ ಸೊಂಟದ ತಿರುವಿನಿಂದಲೇ ಬಲೆಯನ್ನು ಅರಳಿಸುತ್ತಾನೆ. ಆದರೆ ಅವನಿಗೆ ದೂರಕ್ಕಿಂತ ಹರಹು ಮುಖ್ಯ. ಇನ್ನೂ ದೂರದ ಮೀನು ಬೇಕಾದಾಗ ನಮ್ಮವರು ಒಬ್ಬನ ತೋಳನ್ನು ನೆಚ್ಚದೆ ಹಲವರ ತೋಳುಗಳನ್ನು ಕೂಡಿಸಿದರು. ಅದೇ ರಂಪಣಿ. ದೋಣಿಯಲ್ಲಿ ಒಯ್ದು ಕಡಲಲ್ಲಿ ಅರ್ಧವರ್ತುಲವಾಗಿ ಬಿಟ್ಟ ಆ ಮಹಾಬಲೆಯನ್ನು ಎರಡು ತುದಿಗಳಿಂದ ಹತ್ತಾರು ಜನ ದಡಕ್ಕೆ ಎಳೆಯುತ್ತಿದ್ದರು. ಬಂದ ಬಂಗುಡೆ, ಬೂತಾಯಿಗಳಲ್ಲಿ ಎಳೆದವರಿಗೆಲ್ಲ ಪಾಲು.

೧೯೭೦ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ದೋಣಿಗಳು ಬಂದವು. ಮೀನಿನ ಹಿಂಡು ದಡದತ್ತ ಬರುವ ಮೊದಲೇ ಕಡಲಲ್ಲಿ ಅದನ್ನು ಸುತ್ತುಗಟ್ಟುವ ಬಲೆ ಅವುಗಳದು. ದಡದಲ್ಲಿ ಹಗ್ಗ ಹಿಡಿದು ನಿಂತವರ ಪಾಲಿಗೆ ಉಳಿದದ್ದು ಅತ್ಯಲ್ಪ. ಬಲುಬೇಗ ರಂಪಣಿ ಬಹುಮಟ್ಟಿಗೆ ಕಣ್ಮರೆಯಾಯಿತು. ಒಂಟಿ ಗಾಳಗಾರ ತನ್ನ ಎಸೆತಕ್ಕೆ ಹತ್ತು ಮಾರು ಸೇರಿಸಿಕೊಂಡರೆ ಕಡಲಿಗೆ ಆಗುವ ನಷ್ಟವೇನೂ ಇಲ್ಲ. ಅವನ ದೂರಕ್ಕೆ ಅವನ ಮೈಯೇ ಎಲ್ಲೆ. ಯಂತ್ರದ ದೂರಕ್ಕೆ ಅಂತಹ ಎಲ್ಲೆಯಿಲ್ಲ. ಅದು ಮುಂದೆ ಹೋಗಿ ಹಿಡಿದುದು, ಹಿಂದೆ ಕಾದು ನಿಂತವರ ಪಾಲಿನದೂ ಆಗಿರುತ್ತದೆ.