ಸೂಜಿಯಿಲ್ಲದ ಸಕ್ಕರೆಯಳತೆ: ಒಂದು ದೀರ್ಘ ಅನ್ವೇಷಣೆಯ ಇತಿಹಾಸ



ವೈದ್ಯನೊಬ್ಬ ಸಭೆಯಲ್ಲಿ ಮಾತಿಗೆ ನಿಂತನೆಂದರೆ ಪಥ್ಯದ ಪಟ್ಟಿ ಬಂದೇ ಬರುವುದೆಂದು ಶ್ರೋತೃಗಳು ಅಂಜುವುದು ಸಹಜ. ಇಂದು ನಾವು ಪಥ್ಯವನ್ನು ಬದಿಗಿಟ್ಟು ಇತಿಹಾಸವನ್ನು ಹೇಳಬಯಸುತ್ತೇವೆ. ಸೌದಿ ಅರೇಬಿಯಾದ ನಮ್ಮ ಬಳಗದಲ್ಲಿ ಈಚೆಗೆ ಪದೇ ಪದೇ ಕಿವಿಗೆ ಬೀಳುವ ಪ್ರಶ್ನೆಯೊಂದುಂಟು: "ಡಾಕ್ಟರೇ, ಬೆರಳು ಚುಚ್ಚದೆಯೇ ಸಕ್ಕರೆ ತೋರಿಸುವ ಕೈಗಡಿಯಾರ ಬಂದಿದೆಯಂತೆ, ಕೊಳ್ಳಬಹುದೇ?" ಉತ್ತರವನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು. ಆದರೆ ಕಾರಣ ತಿಳಿಯದ ಉತ್ತರ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಆ ಕಾರಣವು ಇತಿಹಾಸದಲ್ಲಿ ಅಡಗಿದೆ.

ಮೊದಲು ಹೆಸರಿನಿಂದಲೇ ಆರಂಭಿಸೋಣ. ಸಂಸ್ಕೃತದ 'ಶರ್ಕರಾ' ನಮ್ಮಲ್ಲಿ ಸಕ್ಕರೆಯಾಯಿತು. ಅದೇ ಶಬ್ದವು ಪಶ್ಚಿಮಕ್ಕೆ ಪಯಣಿಸಿ ಪಾರಸಿಯಲ್ಲಿ 'ಶಕರ್' ಎನಿಸಿ, ಅರಬ್ಬಿಯಲ್ಲಿ 'ಸುಕ್ಕರ್' ಆಯಿತು. ಇಂದು ಈ ನಾಡಿನ ಆಸ್ಪತ್ರೆಗಳಲ್ಲಿ ಮಧುಮೇಹವನ್ನು 'ಸುಕ್ಕರಿ' ಎನ್ನುತ್ತಾರೆ. ನಮ್ಮ ಹಳ್ಳಿಯವರು 'ಸಕ್ಕರೆ ಕಾಯಿಲೆ' ಎನ್ನುವುದೂ ಅದನ್ನೇ. ಶಬ್ದವೂ ಒಂದೇ, ವ್ಯಾಧಿಯೂ ಒಂದೇ. ರೋಗಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಚರಕಸಂಹಿತೆಯು ಪ್ರಮೇಹದ ಮುನ್ಸೂಚನೆಗಳಲ್ಲಿ ಎಣಿಸಿದೆ. ಒಂದು ಲೆಕ್ಕದಲ್ಲಿ ಮಾನವನು ಬಳಸಿದ ಮೊಟ್ಟಮೊದಲ ಸೂಜಿರಹಿತ ಪರೀಕ್ಷಾ ಸಾಧನ ಇರುವೆಯೇ ಸರಿ! ಬಹುಕಾಲದ ಮೇಲೆ, 1776ರಲ್ಲಿ, ಇಂಗ್ಲೆಂಡಿನ ಮ್ಯಾಥ್ಯೂ ಡಾಬ್ಸನ್ ಎಂಬ ವೈದ್ಯನು ಮೂತ್ರದ ಆ ಸಿಹಿಯು ಸಕ್ಕರೆಯೆಂದೂ, ರಕ್ತದ ದ್ರವಭಾಗದಲ್ಲಿಯೂ ಆ ಸಿಹಿಯುಂಟೆಂದೂ ತೋರಿಸಿಕೊಟ್ಟನು.

ನಾವು ಎಂ.ಬಿ.ಬಿ.ಎಸ್. ಓದುತ್ತಿದ್ದ ಕಾಲದಲ್ಲಿ ಬೆನೆಡಿಕ್ಟ್ ಪರೀಕ್ಷೆಯನ್ನು ಮಾಡದ ವಿದ್ಯಾರ್ಥಿಯೇ ಇರಲಿಲ್ಲ. ಐದು ಮಿಲಿಲೀಟರ್ ನೀಲಿ ದ್ರಾವಣಕ್ಕೆ ಎಂಟು ಹನಿ ಮೂತ್ರವನ್ನು ಬೆರೆಸಿ ಕುದಿಸಿದರೆ ಬಣ್ಣವು ಹಸಿರು, ಹಳದಿ, ಕಿತ್ತಳೆಗಳನ್ನು ದಾಟಿ ಇಟ್ಟಿಗೆಗೆಂಪಿಗೆ ತಿರುಗುತ್ತಿತ್ತು. ನೋವಿಲ್ಲ, ಖರ್ಚೂ ಕಡಿಮೆ. ಆದರೆ ಈ ಪರೀಕ್ಷೆಗೆ ಎರಡು ಕುರುಡುಗಳಿದ್ದವು. ರಕ್ತದ ಸಕ್ಕರೆಯು ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟುವ ತನಕ ಅದು ಸಾಮಾನ್ಯವಾಗಿ ಮೂತ್ರದಲ್ಲಿ ಇಳಿಯುವುದಿಲ್ಲ. ಇಳಿದರೂ ಅದು ಕಳೆದುಹೋದ ಗಂಟೆಗಳ ವರದಿಯೇ ಹೊರತು ಈ ಗಳಿಗೆಯದಲ್ಲ. ಸಕ್ಕರೆ ಅತಿಯಾಗಿ ಕುಸಿದ ಅಪಾಯವನ್ನಂತೂ ಮೂತ್ರವು ತಿಳಿಸಲಾರದು.

1922ರ ಜನವರಿಯಲ್ಲಿ ಟೊರಾಂಟೋ ನಗರದಲ್ಲಿ ಬಾಲಕನೊಬ್ಬನಿಗೆ ಇನ್ಸುಲಿನ್ ಕೊಟ್ಟ ಮೇಲೆ ಈ ಕುರುಡು ಪ್ರಾಣಕ್ಕೇ ಸಂಬಂಧಿಸಿದ ವಿಷಯವಾಯಿತು. ಇನ್ಸುಲಿನ್ ಸಕ್ಕರೆಯನ್ನು ಇಳಿಸುತ್ತದೆ. ಎಷ್ಟು ಇಳಿಸಿತೆಂಬುದನ್ನು ಅಳೆಯದಿದ್ದರೆ ಸಂಜೀವಿನಿಯೇ ಮೃತ್ಯುವಾಗಬಹುದು. ಆದರೂ ಬೆರಳಿನ ಒಂದು ಹನಿ ರಕ್ತದಲ್ಲಿ ಸಕ್ಕರೆಯನ್ನು ನೋಡುವ ಡೆಕ್ಸ್ಟ್ರೋಸ್ಟಿಕ್ಸ್ ಎಂಬ ಪಟ್ಟಿ ಬಳಕೆಗೆ ಬಂದದ್ದು 1965ರ ಸುಮಾರಿಗೆ. ಅದರ ಬಣ್ಣವನ್ನು ಓದುವ ಏಮ್ಸ್ ಯಂತ್ರ ಬಂದದ್ದು 1970ರ ಸುಮಾರಿಗೆ. ಆ ಯಂತ್ರ ಒಂದು ಕಿಲೋವಿಗೂ ಹೆಚ್ಚು ಭಾರವಾಗಿತ್ತು, ಮತ್ತು ವೈದ್ಯರಿಗಲ್ಲದೆ ರೋಗಿಗಳಿಗೆ ಮಾರುತ್ತಿರಲಿಲ್ಲ. ಅಮೆರಿಕದ ರಿಚರ್ಡ್ ಬರ್ನ್‌ಸ್ಟೈನ್ ಎಂಬ ಎಂಜಿನಿಯರ್ ಬಾಲ್ಯದಿಂದಲೇ ಮಧುಮೇಹಿ. ವೈದ್ಯೆಯಾಗಿದ್ದ ಪತ್ನಿಯ ಹೆಸರಿನಲ್ಲಿ ಆ ಯಂತ್ರವನ್ನು ತರಿಸಿಕೊಂಡು ದಿನಕ್ಕೆ ಹಲವು ಬಾರಿ ತನ್ನ ರಕ್ತವನ್ನು ತಾನೇ ಪರೀಕ್ಷಿಸಿ ಆರೋಗ್ಯವನ್ನು ಸುಧಾರಿಸಿಕೊಂಡರು. ಎಂಜಿನಿಯರನ ಮಾತನ್ನು ವೈದ್ಯಲೋಕ ಕೇಳದಿದ್ದಾಗ ನಡುವಯಸ್ಸಿನಲ್ಲಿ ವೈದ್ಯಕೀಯ ಕಾಲೇಜು ಸೇರಿ ತಾವೇ ವೈದ್ಯರಾದರು. 1993ರಲ್ಲಿ ಪ್ರಕಟವಾದ, 1,441 ರೋಗಿಗಳನ್ನೊಳಗೊಂಡ ಡಿ.ಸಿ.ಸಿ.ಟಿ. ಅಧ್ಯಯನವು ಸಕ್ಕರೆಯ ಬಿಗಿಯಾದ ಹತೋಟಿಯಿಂದ ಕಣ್ಣು, ಮೂತ್ರಪಿಂಡ, ನರಗಳು ಉಳಿಯುತ್ತವೆಯೆಂದು ಸಿದ್ಧಪಡಿಸಿತು. ಅದರೊಡನೆಯೇ, ಸಕ್ಕರೆ ಅಪಾಯಕರವಾಗಿ ಕುಸಿಯುವ ಪ್ರಸಂಗಗಳು ಸುಮಾರು ಮೂರು ಪಟ್ಟಾಗುತ್ತವೆಯೆಂದೂ ತೋರಿಸಿತು. ಆದುದರಿಂದ ಹತೋಟಿ ಬಿಗಿಯಾದಷ್ಟೂ ಅಳತೆಯ ಅಗತ್ಯವೂ ಹೆಚ್ಚುತ್ತದೆ.

ಹಾಗಾದರೆ ಚುಚ್ಚದೆಯೇ ಏಕೆ ಅಳೆಯಬಾರದು? ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ ರಕ್ತದ ಆಮ್ಲಜನಕವನ್ನು ಅಳೆಯುವುದನ್ನು ಎಲ್ಲರೂ ಕೊರೋನಾ ಕಾಲದಲ್ಲಿ ಕಂಡಿದ್ದೇವೆ. ಅದರ ತತ್ತ್ವವನ್ನು ಜಪಾನಿನ ತಕುವೊ ಅಯೊಯಾಗಿ 1974ರಲ್ಲಿ ಪ್ರಕಟಿಸಿದರು. ಅಲ್ಲಿ ಅನುಕೂಲವೊಂದಿತ್ತು: ಹಿಮೋಗ್ಲೋಬಿನ್‌ಗೆ ಬಣ್ಣವಿದೆ, ಆಮ್ಲಜನಕ ಕೂಡಿದರೆ ಆ ಬಣ್ಣ ಬದಲಾಗುತ್ತದೆ. ಗ್ಲೂಕೋಸಿಗಾದರೋ ಬಣ್ಣವಿಲ್ಲ. ಡೆಸಿಲೀಟರಿಗೆ 100 ಮಿಲಿಗ್ರಾಂ ಎಂದರೆ ಒಂದು ಲೀಟರ್ ರಕ್ತದಲ್ಲಿ ಒಂದೇ ಗ್ರಾಂ. ಚರ್ಮದ ಮೂಲಕ ಬೆಳಕನ್ನು ಹಾಯಿಸಿ ಆ ಒಂದು ಗ್ರಾಮನ್ನು ಹುಡುಕಲು ಹೊರಟರೆ ನೀರು, ಕೊಬ್ಬು, ಪ್ರೋಟೀನು, ಬೆವರು, ಚರ್ಮದ ಉಷ್ಣತೆ ಎಲ್ಲವೂ ಅಡ್ಡ ಬರುತ್ತವೆ. ಜಾತ್ರೆಯ ಗದ್ದಲದಲ್ಲಿ ಪಿಸುಮಾತನ್ನು ಆಲಿಸಿದಂತೆ! ಆಮ್ಲಜನಕದ ಕ್ಲಿಪ್ಪು ಕೂಡ ಕಪ್ಪು ಚರ್ಮದವರಲ್ಲಿ ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚನ್ನು ತೋರಿಸುತ್ತದೆಂದು 2020ರಲ್ಲಿ ಅಮೆರಿಕದಿಂದ ವರದಿಯಾಯಿತು. ನಮ್ಮಂತಹ ಮೈಬಣ್ಣದವರು ಇದನ್ನು ಮರೆಯಲಾಗದು.

ಬೆಳಕನ್ನು ಬಿಟ್ಟು ವಿದ್ಯುತ್ತನ್ನು ನಂಬಿದ ಪ್ರಯತ್ನವೊಂದು ಸ್ವಲ್ಪ ಕಾಲ ಗೆದ್ದಂತೆ ಕಂಡಿತು. 2001ರ ಮಾರ್ಚಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 'ಗ್ಲೂಕೋವಾಚ್' ಎಂಬ ಕೈಗಡಿಯಾರಕ್ಕೆ ಅನುಮತಿ ನೀಡಿತು. ಮಂದ ವಿದ್ಯುತ್ತಿನಿಂದ ಚರ್ಮದೊಳಗಿನ ದ್ರವವನ್ನು ಹೊರಕ್ಕೆಳೆದು ಅದು ಸಕ್ಕರೆಯನ್ನು ಅಳೆಯುತ್ತಿತ್ತು. ಆದರೆ ಕಟ್ಟಿಕೊಂಡು ಮೂರು ಗಂಟೆ ಕಾಯಬೇಕು, ಆಮೇಲೆ ಬೆರಳನ್ನು ಚುಚ್ಚಿಯೇ ಅದಕ್ಕೆ ಲೆಕ್ಕ ಹೊಂದಿಸಬೇಕು. ಅನೇಕರ ಚರ್ಮ ಕೆಂಪಾಗಿ ಉರಿಯುತ್ತಿತ್ತು. ಎಲ್ಲಕ್ಕೂ ಮಿಗಿಲಾಗಿ, ಬೆವರು ಬಂದರೆ ಅದು ಅಳತೆಯನ್ನೇ ಬಿಟ್ಟುಬಿಡುತ್ತಿತ್ತು. ಸಕ್ಕರೆ ಕುಸಿದಾಗ ಮೊದಲು ಬರುವುದೇ ಬೆವರು! ಬೇಕಾದ ಹೊತ್ತಿಗೆ ಮೌನ ತಾಳುವ ಕಾವಲುಗಾರನಿಂದ ಏನು ಪ್ರಯೋಜನ? 2007ರ ಹೊತ್ತಿಗೆ ಅದರ ಮಾರಾಟ ನಿಂತಿತು.

ನಿಜವಾದ ಪ್ರಗತಿ ಬಂದದ್ದು ಮಧ್ಯಮ ಮಾರ್ಗದಿಂದ. ಲೇಲ್ಯಾಂಡ್ ಕ್ಲಾರ್ಕ್ 1962ರಲ್ಲಿ ಸೂಚಿಸಿದ ಕಿಣ್ವದ ವಿದ್ಯುದ್ವಾರವನ್ನು ಕೂದಲಿನಷ್ಟು ಸಣ್ಣ ಎಳೆಯನ್ನಾಗಿಸಿ ಚರ್ಮದಡಿ ಇರಿಸುವ ಉಪಕರಣಕ್ಕೆ 1999ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. 2014ರಲ್ಲಿ ಯೂರೋಪಿನಲ್ಲಿ ಬಿಡುಗಡೆಯಾದ ಫ್ರೀಸ್ಟೈಲ್ ಲಿಬ್ರೆ ತೋಳಿನ ಮೇಲೆ ಹದಿನಾಲ್ಕು ದಿನ ಅಂಟಿಕೊಂಡಿರುತ್ತದೆ. ಇದು ಪ್ರತಿದಿನದ ಚುಚ್ಚುವಿಕೆಯನ್ನು ಬಹುಮಟ್ಟಿಗೆ ತಪ್ಪಿಸುತ್ತದೆ, ಆದರೆ ಸೂಜಿರಹಿತವಲ್ಲ. ಅಂಟಿಸುವಾಗ ಸೂಜಿಯೊಂದು ಚರ್ಮವನ್ನು ಹೊಕ್ಕು ಎಳೆಯನ್ನು ಒಳಗಿರಿಸಿ ಹೊರಬರುತ್ತದೆ. ಅದು ಅಳೆಯುವುದು ಜೀವಕೋಶಗಳ ನಡುವಣ ದ್ರವವನ್ನಾದ್ದರಿಂದ ರಕ್ತದ ಏರಿಳಿತ ಅಲ್ಲಿ ಕೆಲವು ನಿಮಿಷ ತಡವಾಗಿ ಕಾಣುತ್ತದೆ.

ಈ ಇತಿಹಾಸದಲ್ಲಿ ಸೌದಿ ಅರೇಬಿಯಾಕ್ಕೂ ಸ್ಥಾನವಿದೆ. 1995ರಿಂದ 2000ದವರೆಗೆ ಇಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ 30ರಿಂದ 70 ವಯಸ್ಸಿನ ಸೌದಿ ಪ್ರಜೆಗಳ ಪೈಕಿ ಶೇಕಡಾ 23.7 ಮಂದಿಗೆ ಮಧುಮೇಹವಿರುವುದು ಕಂಡುಬಂತು. ಭಾರತ ಮತ್ತು ಸೌದಿ ಅರೇಬಿಯಾ ಸೇರಿ 13 ದೇಶಗಳಲ್ಲಿ 2001ರಲ್ಲಿ ನಡೆದ ಎಪಿಡಯಾರ್ ಅಧ್ಯಯನದ ಪ್ರಕಾರ, ರಂಜಾನ್ ತಿಂಗಳಲ್ಲಿ ಸಕ್ಕರೆ ತೀವ್ರವಾಗಿ ಕುಸಿಯುವ ಪ್ರಸಂಗಗಳು ಮೊದಲನೆಯ ಬಗೆಯ ಮಧುಮೇಹಿಗಳಲ್ಲಿ 4.7 ಪಟ್ಟು, ಎರಡನೆಯ ಬಗೆಯವರಲ್ಲಿ 7.5 ಪಟ್ಟು ಹೆಚ್ಚಿದ್ದವು. ರಕ್ತ ತೆಗೆದರೆ ಉಪವಾಸ ಮುರಿಯುವುದೆಂದು ಅಂಜಿ ಅನೇಕರು ಪರೀಕ್ಷೆಯನ್ನೇ ಬಿಡುತ್ತಾರೆ. 1997ರಲ್ಲಿ ಜಿದ್ದಾದಲ್ಲಿ ಸೇರಿದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು ಪರೀಕ್ಷೆಗಾಗಿ ರಕ್ತ ತೆಗೆಯುವುದರಿಂದ ಉಪವಾಸ ಮುರಿಯದೆಂದು ನಿರ್ಣಯಿಸಿದೆ. ಭಟ್ಕಳ, ಮಂಗಳೂರು, ಕಾಸರಗೋಡುಗಳಿಂದ ಬಂದಿರುವ ನಮ್ಮ ಮುಸ್ಲಿಂ ಬಂಧುಗಳು ಇದನ್ನು ಮನೆಮನೆಗೂ ತಿಳಿಸಬೇಕೆಂದು ನಮ್ಮ ವಿನಂತಿ. ಅದೇ ಜಿದ್ದಾ ನಗರದ ಕಿಂಗ್ ಅಬ್ದುಲ್ ಅಜೀಜ್ ವಿಶ್ವವಿದ್ಯಾಲಯದ ಆಸ್ಪತ್ರೆಯ ವೈದ್ಯರು, ರಂಜಾನ್ ಉಪವಾಸ ಮಾಡುವ ಮಧುಮೇಹಿ ಮಕ್ಕಳಿಗೆ ತೋಳಿನ ಸೆನ್ಸರ್ ನೆರವಾಗಬಲ್ಲುದೆಂದು 2017ರಲ್ಲಿ ಸೌದಿ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಮಾಡಿದರು.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಚರ್ಮವನ್ನು ಭೇದಿಸದೆ ತಾನಾಗಿಯೇ ರಕ್ತದ ಸಕ್ಕರೆಯನ್ನು ಅಳೆಯುವುದಾಗಿ ಹೇಳಿಕೊಳ್ಳುವ ಗಡಿಯಾರ ಮತ್ತು ಉಂಗುರಗಳನ್ನು ಬಳಸಬಾರದೆಂದು ಅಮೆರಿಕದ ಅದೇ ಆಡಳಿತವು 2024ರ ಫೆಬ್ರವರಿಯಲ್ಲಿ ಎಚ್ಚರಿಸಿತು; ಅಂತಹ ಒಂದಕ್ಕೂ ತಾನು ಅನುಮತಿ ಕೊಟ್ಟಿಲ್ಲವೆಂದೂ ಸಾರಿತು. ತೋಳಿನ ಸೆನ್ಸರ್ ಕಳುಹಿಸಿದ ಅಂಕಿಯನ್ನು ಗಡಿಯಾರವು ತೋರಿಸುವುದು ಬೇರೆ, ಗಡಿಯಾರವೇ ಅಳೆಯುವುದು ಬೇರೆ. ಕೊಳ್ಳುವ ಮುನ್ನ ಕೇಳಬೇಕಾದುದು ಇದೊಂದೇ: "ಇದರ ಎಳೆ ಚರ್ಮದೊಳಗೆ ಹೋಗುವುದೇ?" ಇಲ್ಲವೆಂದರೆ ಅದರ ಅಂಕಿಯನ್ನು ನಂಬಿ ಇನ್ಸುಲಿನ್ ಪ್ರಮಾಣವನ್ನು ನಿರ್ಧರಿಸಬೇಡಿ. ದಮ್ಮಾಮಿನಿಂದ ರಿಯಾದಿಗೆ ಲಾರಿ ನಡೆಸುವ ನಮ್ಮ ಸೋದರನೊಬ್ಬನ ಸಕ್ಕರೆ 55ಕ್ಕೆ ಇಳಿದಿರುವಾಗ ಗಡಿಯಾರವು 110 ಎಂದು ತೋರಿಸಿದರೆ, ಆ ಸುಳ್ಳಿಗೆ ಬೆಲೆ ತೆರುವವನು ಅವನೊಬ್ಬನೇ ಅಲ್ಲ. ಉಪವಾಸದಲ್ಲಿ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300ನ್ನು ಮೀರಿದರೆ ಉಪವಾಸವನ್ನು ಮುರಿಯಬೇಕೆಂಬುದು ತಜ್ಞರ ಸೂಚನೆ. ಆ ನಿರ್ಧಾರಕ್ಕೆ ನಂಬಲರ್ಹ ಅಂಕಿ ಬೇಕು. ಪರೀಕ್ಷಾ ಪಟ್ಟಿಗಳನ್ನೂ ಇನ್ಸುಲಿನ್ನನ್ನೂ ಬಿಸಿಲಿನಲ್ಲಿ ನಿಂತ ವಾಹನದೊಳಗೆ ಬಿಡಬೇಡಿರೆಂದು ಈ ನಾಡಿನ ಬೇಸಗೆಯನ್ನು ಬಲ್ಲವರಿಗೆ ಬೇರೆ ಹೇಳಬೇಕಿಲ್ಲ.

ಸಂಶೋಧನೆ ನಿಂತಿಲ್ಲ. ಬೆಳಕು, ವಿದ್ಯುತ್ತು, ಕಣ್ಣೀರು, ಬೆವರು ಹೀಗೆ ಹಲವು ದಾರಿಗಳಲ್ಲಿ ಹುಡುಕಾಟ ನಡೆದಿದೆ. ನೋವಿಲ್ಲದ ಅಳತೆ ಬೇಕೆಂಬುದು ರೋಗಿಗಳ ನ್ಯಾಯವಾದ ಆಸೆ, ವೈದ್ಯರಾದ ನಮ್ಮದೂ ಹೌದು. ಆ ದಿನ ಬಂದಾಗ ಮೊದಲು ಹರ್ಷಿಸುವವರಲ್ಲಿ ನಾವೂ ಇರುತ್ತೇವೆ. ಅಲ್ಲಿಯವರೆಗೆ ಸಿಹಿಯಾದ ಸುಳ್ಳಿಗಿಂತ ಒಂದು ಹನಿ ರಕ್ತದ ಸತ್ಯವೇ ಮೇಲು.