ಸಂಖ್ಯೆ ಕಟ್ಟಿದ ಸರದಿ: ಲಿನಕ್ಸ್ ಸೇವೆಗಳ ಆರಂಭಕ್ರಮದ ಇತಿಹಾಸ

1990ರ ದಶಕದ ಕೊನೆಗೆ ಬೆಂಗಳೂರಿನ ಕುಂದಲಹಳ್ಳಿಗೆ ಸಮೀಪದಲ್ಲಿ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್, ಅಂದರೆ ಜನರ ಬಾಯಲ್ಲಿ ಐಟಿಪಿಎಲ್, ತಲೆಯೆತ್ತಿದ ಮೇಲೆ ಆ ಭಾಗದಲ್ಲಿ ನೆಲೆಯೂರಿದ ಹೊಸ ಕಸುಬುಗಳಲ್ಲಿ ಸರ್ವರ್‌ಗಳ ನಿರ್ವಹಣೆಯೂ ಒಂದು. 2001ರಲ್ಲಿ ಆರಂಭವಾದ ಲಿನಕ್ಸ್ ಬ್ಯಾಂಗಲೋರ್ ಸಮ್ಮೇಳನವು 2005ರಲ್ಲಿ ಫಾಸ್ ಡಾಟ್ ಇನ್ ಎಂಬ ಹೆಸರು ಪಡೆದ ಆ ವರ್ಷಗಳಲ್ಲಿ, ಯಂತ್ರ ಚಾಲೂ ಆದಾಗ ಯಾವ ಸೇವೆ ಮೊದಲು ಏಳಬೇಕೆಂಬುದನ್ನು ಬಹುತೇಕ ಲಿನಕ್ಸ್‌ಗಳಲ್ಲಿ ನಿರ್ಧರಿಸುತ್ತಿದ್ದುದು ಎರಡಂಕಿಯ ಒಂದು ಸಂಖ್ಯೆ.

ಎಟಿ ಅಂಡ್ ಟಿ ಸಂಸ್ಥೆ 1983ರಲ್ಲಿ ಹೊರತಂದ ಸಿಸ್ಟಮ್ ಫೈವ್ ಯುನಿಕ್ಸ್‌ನಿಂದ ಬಂದ ಈ ಪದ್ಧತಿಯಲ್ಲಿ ಪ್ರತಿ ಸೇವೆಯ ಸ್ಕ್ರಿಪ್ಟಿಗೆ ‘ಎಸ್10ನೆಟ್‌ವರ್ಕ್’, ‘ಎಸ್85ಎಚ್‌ಟಿಟಿಪಿಡಿ’ ಎಂಬಂಥ ಹೆಸರಿದ್ದು, ಅವು ಅಂಕಿಯ ಸರದಿಯಂತೆ ಒಂದಾದ ಮೇಲೊಂದು ಓಡುತ್ತಿದ್ದವು. ಜಾಲದ ನಂತರ ವೆಬ್ ಸರ್ವರ್ ಬರುವುದೆಂದು ಅಂಕಿ ತಿಳಿಸುತ್ತಿತ್ತೇ ಹೊರತು ಏಕೆಂದು ತಿಳಿಸುತ್ತಿರಲಿಲ್ಲ. ಈ ಪದ್ಧತಿಯ ನಿಜವಾದ ದೋಷ ಇದೇ. ಡೇಟಾಬೇಸ್ ಸಿದ್ಧವಾಗುವ ಮೊದಲೇ ಅದರ ಸ್ಕ್ರಿಪ್ಟ್ ಮುಗಿದುಬಿಟ್ಟರೆ ಅದನ್ನು ನಂಬಿದ ಮುಂದಿನ ಸೇವೆ ಬಿದ್ದುಹೋಗುತ್ತಿತ್ತು. ಆಗ ನಿರ್ವಾಹಕರು ‘ಸ್ಲೀಪ್ 30’ ಎಂಬ ಸಾಲು ಸೇರಿಸಿ ಅರ್ಧ ನಿಮಿಷ ಕಾಯಿಸುವುದು ರೂಢಿಯಾಗಿತ್ತು.

2006ರಲ್ಲಿ ಉಬುಂಟುವಿಗೆ ಈ ಪದ್ಧತಿಯ ಬದಲಿಗೆ ಅಪ್‌ಸ್ಟಾರ್ಟ್ ಎಂಬ ಆರಂಭವ್ಯವಸ್ಥೆ ಬಂತು. 2010ರಲ್ಲಿ ಲೆನಾರ್ಟ್ ಪೊಯೆಟರಿಂಗ್ ಮತ್ತು ಕೇ ಸೀವರ್ಸ್ ರೂಪಿಸಿದ ಸಿಸ್ಟಮ್‌ಡಿ ಪ್ರಕಟವಾಗಿ, 2011ರ ಫೆಡೋರಾ 15ರಲ್ಲೂ 2014ರ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7ರಲ್ಲೂ ನೆಲೆಗೊಂಡಾಗ, ಸೇವೆಗಳ ನಡುವಣ ಅವಲಂಬನೆಯನ್ನೇ ಬರೆದಿಡುವ ರೀತಿ ಗಟ್ಟಿಯಾಯಿತು. ಇಲ್ಲಿ ‘ಆಫ್ಟರ್’ ಎಂಬ ಸೂಚನೆ ಸರದಿಯನ್ನು ಮಾತ್ರ ಹೇಳುತ್ತದೆ, ‘ರಿಕ್ವೈರ್ಸ್’ ಅಗತ್ಯವನ್ನು ಮಾತ್ರ ಹೇಳುತ್ತದೆ. ಎರಡನೆಯದನ್ನಷ್ಟೇ ಬರೆದರೆ ಡೇಟಾಬೇಸೂ ಅದನ್ನು ಬೇಡುವ ಸೇವೆಯೂ ಏಕಕಾಲಕ್ಕೆ ಏಳುತ್ತವೆ. ‘ನೆಟ್‌ವರ್ಕ್ ಟಾರ್ಗೆಟ್’ ಎಂಬ ಹಂತ ದಾಟಿತೆಂದರೆ ಯಂತ್ರಕ್ಕೆ ಐಪಿ ವಿಳಾಸ ದೊರೆತಿದೆ ಎಂದರ್ಥವಲ್ಲ. ವಿಳಾಸ ಬೇಕಾದ ಸೇವೆ ‘ನೆಟ್‌ವರ್ಕ್-ಆನ್‌ಲೈನ್ ಟಾರ್ಗೆಟ್’ ಅನ್ನು ಬೇಡಿ, ಅದರ ನಂತರವೇ ಏಳಬೇಕು.

ದೋಷ ಹುಡುಕುವ ಬಗೆಯೂ ಇದರೊಂದಿಗೆ ಬದಲಾಯಿತು. ‘ಸಿಸ್ಟಮ್‌ಡಿ-ಅನಲೈಜ಼್ ಕ್ರಿಟಿಕಲ್-ಚೈನ್’ ಎಂಬ ಆಜ್ಞೆ ಯಾವುದು ಯಾವುದಕ್ಕಾಗಿ ಎಷ್ಟು ಹೊತ್ತು ಕಾದಿತೆಂದು ತೋರಿಸಿದರೆ, ‘ಜರ್ನಲ್‌ಸಿಟಿಎಲ್ -ಬಿ’ ಆ ಸಲದ ಬೂಟಿನ ದಾಖಲೆಯನ್ನು ಮುಂದಿಡುತ್ತದೆ. ಎರಡು ಸೇವೆಗಳು ಪರಸ್ಪರರ ನಂತರ ಏಳಬೇಕೆಂದು ಬರೆದಿದ್ದರೆ ಸಿಸ್ಟಮ್‌ಡಿ ಆ ಸುತ್ತನ್ನು ಮುರಿಯಲು ಒಂದರ ಆರಂಭವನ್ನೇ ಕೈಬಿಡಬಹುದಾದ್ದರಿಂದ, ಏಳದೆ ಉಳಿದ ಸೇವೆಯ ಕಾರಣವನ್ನು ಅದರ ಸ್ವಂತ ಲಾಗ್‌ನಲ್ಲಿ ಅಲ್ಲ, ಈ ದಾಖಲೆಯಲ್ಲಿ ಹುಡುಕಬೇಕಾಗುತ್ತದೆ.