ಅರಸನಿಂದ ಅಮ್ಮನವರೆಗೆ: ಮಗು ಕನ್ನಡ ಓದಲು ಕಲಿಯುವ ದಾರಿ

ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ, ಅತ್ತೆ. ಮಾತು ಕಲಿಯುವ ಮಗುವಿನ ಬಾಯಲ್ಲಿ ಮೊದಲು ಬರುವ ಈ ಪದಗಳಲ್ಲಿ ಒತ್ತಕ್ಷರವಿಲ್ಲದ್ದು ಒಂದೂ ಇಲ್ಲ. ಪಾಠದಲ್ಲಾದರೋ ಒತ್ತಕ್ಷರ ಬರುವುದು ಕೊನೆಗೆ. ದಿನವೂ ಕರೆಯುವ ಅಮ್ಮನನ್ನು ಪುಸ್ತಕದಲ್ಲಿ ಓದಲು ಮಗು ತಿಂಗಳುಗಟ್ಟಲೆ ಕಾಯಬೇಕು.

ಎಷ್ಟು ಅಕ್ಷರ ಕಲಿಯಬೇಕು?

ವರ್ಣಮಾಲೆಯಲ್ಲಿರುವುದು 49: ಸ್ವರ 13, ಯೋಗವಾಹ 2, ವ್ಯಂಜನ 34. ಓದಲು ಕೂತ ಮಗುವಿಗೆ ಈ ಲೆಕ್ಕ ಸಾಲದು. 34 ವ್ಯಂಜನಕ್ಕೂ ಕಾಗುಣಿತ ಬರೆದರೆ ಸಾಲಿಗೆ 15ರಂತೆ 510 ರೂಪಗಳಾಗುತ್ತವೆ. ಒತ್ತಕ್ಷರಗಳು ಅದರ ಮೇಲೆ. 26 ಅಕ್ಷರದ ಇಂಗ್ಲಿಷಿನ ಜೊತೆ ಹೋಲಿಸಿ ‘ಇನ್ನೂ ಓದೋಕೆ ಬರಲ್ವಾ?’ ಎಂದು ಗದರುವುದು ಅನ್ಯಾಯ. ಕನ್ನಡ ಓದುವ ಮಕ್ಕಳ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಕ್ಷರಗಳ ಮೇಲಿನ ಹಿಡಿತ ನಾಲ್ಕನೇ ತರಗತಿಯಲ್ಲೂ ಬೆಳೆಯುತ್ತಲೇ ಇದ್ದದ್ದು ಕಂಡುಬಂದಿದೆ.

ಸಮಾಧಾನದ ಸಂಗತಿಯೆಂದರೆ 510 ರೂಪಗಳನ್ನೂ ಬಿಡಿಬಿಡಿಯಾಗಿ ಉರುಹೊಡೆಯಬೇಕಿಲ್ಲ. ತಲೆಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ, ಎತ್ವ ಎಂಬ ಚಿಹ್ನೆಗಳ ಗುಟ್ಟು ಹಿಡಿದರೆ ಒಂದು ಸಾಲು ಇನ್ನೊಂದನ್ನು ಕಲಿಸುತ್ತದೆ. ಎಡವುವ ಜಾಗಗಳೂ ಇವೆ. ‘ಕು’ವಿನಲ್ಲಿ ಬಲಕ್ಕೆ ಕೂರುವ ಕೊಂಬು ‘ಪು’, ‘ವು’ಗಳಲ್ಲಿ ಕೆಳಗಿಳಿಯುತ್ತದೆ, ಇಲ್ಲವಾದರೆ ‘ವು’ ನೋಡಲು ‘ಮ’ ಆಗಿಬಿಡುತ್ತಿತ್ತು. ದ, ಧ, ಥಗಳನ್ನು ಬೇರೆ ಮಾಡುವುದು ಒಂದು ಸೀಳು, ಒಂದು ಚುಕ್ಕೆ.

‘ಕ ಕಾ ಕಿ ಕೀ’ ಎಂದು ರಾಗವಾಗಿ ಒಪ್ಪಿಸುವ ಮಗುವಿಗೆ ನಡುವಿನ ‘ಕೋ’ ಮೇಲೆ ಬೆರಳಿಟ್ಟು ಕೇಳಿ ನೋಡಿ. ಮತ್ತೆ ‘ಕ’ದಿಂದ ಶುರುಮಾಡಿದರೆ, ಅದಕ್ಕೆ ಬಂದಿರುವುದು ಹಾಡು, ಓದು ಅಲ್ಲ.

ರ, ಗ, ಸ, ದ, ಅ

‘ಅ ಆ ಇ ಈ’ ಕ್ರಮ ವ್ಯಾಕರಣದ ದೃಷ್ಟಿಯಿಂದ ಬಲು ಅಚ್ಚುಕಟ್ಟು. ಓದು ಕಲಿಸಲು ಅಷ್ಟು ಅನುಕೂಲವಲ್ಲ: ಸ್ವರಗಳನ್ನೆಲ್ಲ ಕಲಿತ ಮೇಲೂ ಮಗುವಿಗೆ ‘ಆ’, ‘ಈ’ ಬಿಟ್ಟು ಓದಲು ಹೆಚ್ಚೇನೂ ಸಿಗದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ನಲಿ-ಕಲಿ ಬೋಧನಾ ಪದ್ಧತಿ ಈ ಕ್ರಮವನ್ನು ಬಿಟ್ಟುಕೊಟ್ಟಿತು. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿ ಇದಕ್ಕೆ ಸ್ಫೂರ್ತಿ. 2009-10ರಲ್ಲಿ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು.

ನಲಿ-ಕಲಿಯ ಮೊದಲ ಗುಂಪು ರ, ಗ, ಸ, ದ, ಅ. ಕಾಗುಣಿತ ಮುಟ್ಟದೆಯೇ ಈ ಐದರಿಂದ ಸರ, ದರ, ರಸ, ಅಗಸ, ಅರಸ, ಗರಗಸ ಹುಟ್ಟುತ್ತವೆ. ಅಕ್ಷರ ಕೂಡಿದರೆ ಅರ್ಥ ಬರುತ್ತದೆ ಎಂಬುದು ಮಗುವಿಗೆ ಮೊದಲ ಕೆಲವು ದಿನಗಳಲ್ಲೇ ತಿಳಿದುಹೋಗುತ್ತದೆ. ನಲಿ-ಕಲಿಯ ಇತರ ವಿಧಾನಗಳ ಬಗ್ಗೆ ಶಿಕ್ಷಕರ ದೂರುಗಳು ಏನೇ ಇರಲಿ, ಈ ಅಕ್ಷರ ಜೋಡಣೆಯಂತೂ ಜಾಣ ಕೆಲಸ. ಮನೆಯಲ್ಲಿ ಕಲಿಸುವವರೂ ಧಾರಾಳವಾಗಿ ಎರವಲು ಪಡೆಯಬಹುದು.

ಅಮ್ಮನಿಗಿಂತ ಅಪ್ಪ ಸುಲಭ

ಹೆಚ್ಚಿನ ಒತ್ತುಗಳು ಮೂಲ ಅಕ್ಷರದ ಪುಟ್ಟ ರೂಪಗಳೇ. ತಲೆಕಟ್ಟು ಇದ್ದರೆ ಅದು ಬಿಟ್ಟುಹೋಗಿರುತ್ತದೆ. ಹಾಗಾಗಿ ಅಪ್ಪ, ಅಕ್ಕ, ಅಣ್ಣ, ಅಜ್ಜನನ್ನು ಮಗು ಊಹಿಸಿ ಓದಬಲ್ಲದು. ತ, ನ, ಮ, ಯ, ರ, ಲ ಈ ಆರರ ಒತ್ತು ಹಾಗಲ್ಲ, ತಾಯಕ್ಷರದ ಮುಖ ಅವುಗಳಲ್ಲಿ ಕಾಣುವುದೇ ಇಲ್ಲ. ಅಮ್ಮ, ಅನ್ನ, ಹಲ್ಲು, ಅತ್ತೆ ಎಲ್ಲ ಈ ಆರರ ಪಾಲಿಗೆ ಸೇರಿದವು. ಇವನ್ನು ಪ್ರತ್ಯೇಕವಾಗಿ, ಚಿತ್ರದಂತೆ ತೋರಿಸಿ ಕಲಿಸಿದರೆ ಅರ್ಧ ಕಾಟ ಕಳೆಯುತ್ತದೆ.

ಇನ್ನೊಂದು ತೊಡಕು ಬಾಯಿ ಮತ್ತು ಬರಹದ ನಡುವಿನದು. ಚಪ್ಪಾಳೆ ತಟ್ಟಿ ಬಿಡಿಸು ಎಂದರೆ ಮಗು ‘ಬೆಕ್-ಕು’ ಎನ್ನುತ್ತದೆ, ಬರಹದಲ್ಲಿ ಅದು ‘ಬೆ-ಕ್ಕು’. ಸೂರ್ಯನಲ್ಲಂತೂ ಮೊದಲು ಉಚ್ಚರಿಸುವ ‘ರ್’ ಅರ್ಕಾವತ್ತಾಗಿ ‘ಯ’ದ ಹಿಂದೆ ಹೋಗಿ ಕೂರುತ್ತದೆ. ತಪ್ಪಿದ ಮಗುವನ್ನು ದಡ್ಡ ಎನ್ನುವ ಮೊದಲು ದೊಡ್ಡವರು ಇದನ್ನು ಒಮ್ಮೆ ಯೋಚಿಸಬೇಕು.

ಮನೆಮಾತು, ಪುಸ್ತಕದ ಮಾತು

‘ಮನೇಲಿ’, ‘ಮನ್ಯಾಗ’ ಎನ್ನುವ ಮಗು ಪುಸ್ತಕದಲ್ಲಿ ಕಾಣುವುದು ‘ಮನೆಯಲ್ಲಿ’. ತುಳು, ಕೊಂಕಣಿ, ಉರ್ದು, ಲಂಬಾಣಿ ಮಾತಾಡುವ ಮನೆಗಳ ಮಕ್ಕಳಿಗೆ ಈ ದೂರ ಇನ್ನೂ ಹೆಚ್ಚು. ಮನೆಮಾತನ್ನು ತಿದ್ದುವುದು ಪರಿಹಾರವಲ್ಲ. ದಿನವೂ ಪುಸ್ತಕ ಓದಿ ಹೇಳುವುದು ಪರಿಹಾರ. ಪುಸ್ತಕದ ಕನ್ನಡ ಕಿವಿಗೆ ಬಿದ್ದಿದ್ದರೆ ಕಣ್ಣಿಗೆ ಬಿದ್ದಾಗ ಪರಿಚಯ ಸಿಗುತ್ತದೆ.

ಮನೆಯಲ್ಲಿ ಏನು ಮಾಡಬಹುದು?

ಓದುವ ಸಾಲಿನ ಕೆಳಗೆ ಬೆರಳು ಓಡಿಸಿ. ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ಬೆಲ್ಲದ ಪೊಟ್ಟಣ ಓದಿಸಿ. ಹಾಡಿನ ಬದಲು ಬರೀ ಪದಗಳಲ್ಲಿ ಅಂತ್ಯಾಕ್ಷರಿ ಆಡಿ: ಕಮಲ, ಲಗಾಮು, ಮುಳ್ಳು. ಪದದ ಕೊನೆಯ ಅಕ್ಷರ ಹಿಡಿಯುವುದಕ್ಕೆ ಇದಕ್ಕಿಂತ ಅಗ್ಗದ ಅಭ್ಯಾಸವಿಲ್ಲ. ಪುಸ್ತಕ ಕೊಳ್ಳಲಾಗದವರಿಗೆ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಹಂತವಾರು ಉಚಿತವಾಗಿ ಸಿಗುತ್ತವೆ.

ಓದಿನಲ್ಲಿ ಮಗು ಎಲ್ಲಿದೆ ಎಂದು ತಿಳಿಯಲು, ಮಕ್ಕಳ ಕಲಿಕೆಯ ಮಟ್ಟ ಅಳೆಯಲು 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಯ ಮೆಟ್ಟಿಲುಗಳೇ ಸಾಕು: ಅಕ್ಷರ, ಸರಳ ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಪುಟ್ಟ ಕಥೆ. ಒಬ್ಬೊಬ್ಬರನ್ನೇ ಕೂರಿಸಿ ಓದಿಸಬೇಕು. ತರಗತಿ ಯಾವುದೇ ಇರಲಿ, ನಿಂತ ಮೆಟ್ಟಿಲಿನಿಂದಲೇ ಮುಂದಿನ ಪಾಠ.

ಯಾವಾಗ ಕಾಳಜಿ ಬೇಕು?

ವರ್ಷಗಟ್ಟಲೆ ಕಲಿಸಿದರೂ ಅಕ್ಷರ ಮರೆಯುತ್ತಿದ್ದರೆ, ಒತ್ತು ಬಿಟ್ಟೇ ಓದುತ್ತಿದ್ದರೆ, ಮೊದಲು ಕಣ್ಣು, ಕಿವಿ ತೋರಿಸಿ. ಆಮೇಲೂ ಬದಲಾಗದಿದ್ದರೆ ಕಲಿಕಾ ನ್ಯೂನತೆಯ ತಪಾಸಣೆ ಮಾಡಿಸಬೇಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಅಂಗವೈಕಲ್ಯಗಳಲ್ಲಿ ಇದೂ ಸೇರಿದೆ.

ನಿಮ್ಮೂರಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಮಗುವನ್ನು ಕರೆದುಕೊಂಡು ಹೋಗಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಅಲ್ಲಿ ಮಕ್ಕಳ ಸದಸ್ಯತ್ವಕ್ಕೆ ಹಣ ಕೊಡಬೇಕಿಲ್ಲ.